ಬಾಲವಿರುವ ಕ್ರಿಯಾಪದ

ಹೀಯುಮಾ ದ್ವೀಪದ ಆ ಶಾಲೆಯಲ್ಲಿ
ಮೂರನೇ ತರಗತಿಗೆ ಹನ್ನೊಂದೇ ಮಕ್ಕಳು,
ಬಾಗಿಲ ಬಳಿ ಹನ್ನೊಂದು ಜೊತೆ ಒದ್ದೆ ಬೂಟು.
ಮಾರ್ಚ್ ಮುಗಿಯುತ್ತಿದೆ, ಕಡಲು ಇನ್ನೂ ಕರಗಿಲ್ಲ.
ಊರಿಗೆಲ್ಲ ಒಂದೇ ಮಾತು:
ಕರಡಿ ಬಂದಿದೆ, ಆಚೆ ದಡದಿಂದ, ಹೆಪ್ಪುಗಟ್ಟಿದ ಕಡಲ ಮೇಲೆ ನಡೆದು.

ವಿರ್ವೆ ಟೀಚರ್ ಗಣಿತದ ಪುಸ್ತಕ ಮುಚ್ಚಿಸಿದರು.
ಮೇಜಿನ ಮೇಲೆ ಮೂರು ಕಾಗದ ಹರಡಿದರು:
ಪತ್ರಿಕೆಯ ಒಂದು ತುಣುಕು,
ಅಂಗಡಿ ಬಾಗಿಲಿಗೆ ಅಂಟಿಸಿದ್ದ ಚೀಟಿ,
ಯಾರದೋ ಫೋನಿನಿಂದ ಯಾರದೋ ಫೋನಿಗೆ ಹಾರಿ
ಕೊನೆಗೆ ಶಾಲೆಯ ಪ್ರಿಂಟರಿನಲ್ಲಿ ಇಳಿದ ಫೋಟೊ.
'ಓದಿ,' ಅಂದರು. 'ಬೇಗ ಓದಿದವರಿಗೆ ಬಹುಮಾನ ಇಲ್ಲ.'

ಊಕು ಬೇಗ ಓದಿದ. ಅವನು ಊಟ ಮಾಡುವುದೂ ಹಾಗೆಯೇ.
'ಕರಡಿ ಬಂದಿದೆ, ಟೀಚರ್!'
'ಎಲ್ಲಿದೆ?'
'ಇಲ್ಲಿ, ಎರಡನೇ ಸಾಲಲ್ಲಿ.'
'ಆ ಸಾಲಿನ ಕೊನೆಯ ಪದವನ್ನು ಬೆರಳಿಟ್ಟು ಓದು.'
ಬೆರಳು ನಿಂತಿತು.
ಅವರ ನುಡಿಯಲ್ಲೂ ಇದೆ, ನಮ್ಮ 'ಅಂತೆ'ಯಂಥದೊಂದು ಬಾಲ,
ಕ್ರಿಯಾಪದದ ಹಿಂದೆ ಅಂಟಿಕೊಂಡು ಬರುವ 'ವತ್':
ನಾನು ಕಂಡಿಲ್ಲ, ಕೇಳಿದ್ದು; ಸುಳ್ಳಾದರೆ ನನ್ನನ್ನು ಹಿಡಿಯಬೇಡಿ
ಎಂಬಷ್ಟನ್ನೂ ಅರ್ಧ ಉಸಿರಲ್ಲಿ ಹೇಳಿ
ಕೈತೊಳೆದುಕೊಳ್ಳುವ ಪ್ರತ್ಯಯ.
ಬಂದಿದೆ ಅಲ್ಲ. ಬಂದಿದೆಯಂತೆ.
ಕರಡಿಯ ಬಾಲ ಗಿಡ್ಡ, ಕರಡಿಯ ಸುದ್ದಿಯದು ಉದ್ದ;
ಊಕು ಅದರ ಸುತ್ತ ಪೆನ್ಸಿಲಿನ ಗೆರೆ ಎಳೆದು ಕಟ್ಟಿಹಾಕಿದ.

ಚೀಟಿಗೆ ಸಹಿ ಇರಲಿಲ್ಲ.
'ಎಚ್ಚರ! ಕರಡಿ! ಟಾರ್ಚ್ ಒಳಗೆ ಸಿಗುತ್ತದೆ.'
ಅಂಗಡಿಯವರ ಮಗ ಟಾವೆಟ್, ಕಿವಿ ಕೆಂಪಗಾಗಿ,
'ಅಪ್ಪನ ಕೈಬರಹ,' ಅಂದ, ಯಾರೂ ಕೇಳದಿದ್ದರೂ.
ಟೀಚರ್ ಅವನ ಅಪ್ಪನನ್ನು ಬೈಯಲಿಲ್ಲ.
'ಟಾರ್ಚ್ ಮಾರುವವನೂ ನಿಜ ಹೇಳಬಹುದು.
ಮಾರಲು ಅವನ ಹತ್ತಿರ ಟಾರ್ಚ್ ಇದೆ ಅನ್ನುವುದು ನೆನಪಿರಲಿ, ಸಾಕು.'

ಫೋಟೊ ಬಂದಾಗ ಎಲ್ಲರೂ ಗಪ್‌ಚಿಪ್.
ಎಷ್ಟು ದೊಡ್ಡ ತಲೆ! ಎಂಥ ಮೂಗು!
ವರ್ಷವಿಡೀ ಬಾಯಿಬಿಡದ ಯೋಸೆಪ್ ಮಾತ್ರ
ಕರಡಿಯನ್ನು ಬಿಟ್ಟು ಅದರ ಕಾಲಬುಡ ನೋಡುತ್ತಿದ್ದ.
'ಬ್ಲೂಬೆರಿ ಹಣ್ಣಾಗಿದೆ,' ಅಂದ.
ಎಲ್ಲ ತಲೆಗಳೂ ಕಿಟಕಿಯತ್ತ ತಿರುಗಿದವು.
ಹೊರಗೆ ಹಿಮ, ಹಿಮ, ಸೈಕಲ್ ಸ್ಟ್ಯಾಂಡಿನ ಮೇಲೂ ಹಿಮ.

ಆಗ ಲೇಲೊ ಎದ್ದು ನಿಂತಳು:
'ನಮ್ಮಜ್ಜಿ ನೋಡಿದ್ದಾಳೆ.'
ರಬ್ಬರ್ ಉಜ್ಜುವ ಸದ್ದೂ ನಿಂತಿತು.
ಕಾಗದವನ್ನು ಅನುಮಾನಿಸುವುದು ಸುಲಭ,
ಬೆಳಿಗ್ಗೆ ಜಡೆ ಹೆಣೆದು ಕಳಿಸಿದ ಕೈಯನ್ನು ಹೇಗೆ?
ಟೀಚರಿಗೂ ತಕ್ಷಣ ಮಾತು ಹೊಳೆಯಲಿಲ್ಲ,
ಬಳಪವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.
'ಇನ್ನೊಮ್ಮೆ ಕೇಳಿಕೊಂಡು ಬಾ. ಅವರು ಅಂದದ್ದನ್ನಷ್ಟೇ ತಾ,
ದಾರಿಯಲ್ಲಿ ನಿನ್ನ ಒಂದು ಪದವೂ ಸೇರದ ಹಾಗೆ.'

ಅಜ್ಜಿ ರೈ ಹಿಟ್ಟು ನಾದುತ್ತಿದ್ದಳು.
'ನೋಡಿದ್ದಾ? ನಾನಾ? ಈ ಕಣ್ಣಲ್ಲಾ?
ಜೇನುಪೆಟ್ಟಿಗೆ ಎರಡು ಉರುಳಿವೆ ಅಂದೆ.
ಅಂದದ್ದು ಅಷ್ಟೇ. ಕರಡಿಯನ್ನು ನೀನು ಸೇರಿಸಿದ್ದು, ಮರಿ.'
ಲೇಲೊ ಹಿತ್ತಲಿಗೆ ಹೋದಳು. ಹೌದು, ಎರಡು.
ಗಾಳಿಯೂ ಉರುಳಿಸಬಹುದು.
ರಾತ್ರಿ ಬಿದ್ದ ಹಿಮ ಹೊಸದು; ಗುರುತು ಏನಿದ್ದರೂ ಅದರ ಕೆಳಗೆ.

ಮಾರನೆಯ ದಿನ ಬೋರ್ಡಿನ ಮೇಲೆ ಅವಳ ಸೊಟ್ಟ ಅಕ್ಷರ:
ಪೆಟ್ಟಿಗೆ ಎರಡು ಉರುಳಿವೆ, ನಾನು ನೋಡಿದೆ.
ಕರಡಿ ಬಂದಿದೆಯಂತೆ.
ಅಜ್ಜಿ ನೋಡಿದಳು ಅಂದದ್ದು ನಾನು.
ಕೊನೆಯ ಸಾಲು ಅಳಿಸಲಾ, ಎಂದು ಕೇಳಿದಳು.
ಬೇಡ, ಅಂದ ಊಕು, ಎರಡು ಸಲ ಓದಿ.

ಶಾಲೆ ಬಿಟ್ಟ ಮೇಲೆ ಮಾತ್ರ
ಹನ್ನೊಂದು ಜನವೂ ಒಂದೇ ಗುಂಪಾಗಿ ಹೋದರು.
ಎಲ್ಲರಿಗಿಂತ ಮುಂದೆ ಟಾವೆಟ್,
ಹಾಡುಹಗಲಲ್ಲಿ ಟಾರ್ಚ್ ಹಚ್ಚಿಕೊಂಡು.